ಮಗ್ಗುಲ ಕೋಣೆಯ ಕೆಮ್ಮು

"ಇದು ಯಾರ ಮನ್ಯಾಗ ಸಿಕ್ತು ಅಂತ ನಾ ಹೇಳಂಗಿಲ್ಲ. ಆ ಸೂಳಿ ತಾನ ಎದ್ದು ನಿಂದ್ರಲಿ."

ಸಭೆಯ ಪಾದ್ರಿ ಅಯ್ಯಗಾರು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ನಿರೋಧ್ ಪೊಟ್ಟಣವನ್ನು ಎತ್ತಿ ಹಿಡಿದಿದ್ದರು. ಬಾಲಾನಗರದ ಕಾರ್ಖಾನೆಗಳ ಹಿಂದಿದ್ದ ಆ ತಗಡಿನ ಪ್ರಾರ್ಥನಾ ಮಂದಿರದಲ್ಲಿ ಕೂತವರೆಲ್ಲ ರಾಯಚೂರು ಕಡೆಯಿಂದ ಕೂಲಿಗೆ ಬಂದವರು. ಹೆಂಗಸರ ಸಾಲಿನಿಂದ ಗದಿಗೆಮ್ಮ ಎದ್ದು ನಿಂತಳು. ಗಂಡಸರ ಸಾಲಿನಲ್ಲಿದ್ದ ಅವಳ ಗಂಡ ಹುಸೇನಪ್ಪ ಮುಖ ತಿರುಗಿಸಿಕೊಂಡ. ಯಾರೋ ನಕ್ಕರು. ಪ್ರಾರ್ಥನೆ ಮುಗಿಯುವವರೆಗೂ ಅಯ್ಯಗಾರು ಅವಳಿಗೆ ಕೂರಲು ಹೇಳಲಿಲ್ಲ.

ಮಂದಿರದ ಮುಂದಿನ ಹತ್ತು ತಗಡಿನ ಕೋಣೆಗಳೂ ಅಯ್ಯಗಾರರವೇ. ಊರಲ್ಲಿ ಬಾವಿಗೆ ಬಿಟ್ಟುಕೊಳ್ಳದ ಕೇರಿಯವರನ್ನು ಕರೆದು ಸೂರು ಕೊಟ್ಟವರು. ಮಾದಾಪುರದ ಕಟ್ಟಡಗಳ ಮೇಸ್ತ್ರಿಗೆ ಒಂದು ಮಾತು ಹೇಳಿ ಕೆಲಸ ಕೊಡಿಸಿದವರು. ಆ ಋಣದಲ್ಲಿ ಎಲ್ಲರೂ ದೀಕ್ಷಾಸ್ನಾನ ಮಾಡಿ ಕ್ರೈಸ್ತರಾಗಿದ್ದರು. ತಗಡು ಸೋರುತ್ತದೆಯೇ ನೋಡುವ ನೆಪದಲ್ಲಿ ಗದಿಗೆಮ್ಮನ ಕೋಣೆಗೆ ಬಂದ ಅಯ್ಯಗಾರರ ಹೆಂಡತಿಗೆ ಜೋಳದ ಡಬ್ಬಿಯ ಹಿಂದೆ ಆ ಪೊಟ್ಟಣ ಸಿಕ್ಕಿತ್ತು.

ಹುಸೇನಪ್ಪನಿಗೆ ದೊಡ್ಡ ರೋಗ, ಎಚ್‌ಐವಿ, ಬಂದು ಎರಡು ವರ್ಷ. ಎಲ್ಲಿಂದ ಹತ್ತಿತೆಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಸರ್ಕಾರಿ ದವಾಖಾನೆಯ ಸಾವಿತ್ರಿ ಮೇಡಂ ಅವಳ ರಕ್ತವನ್ನೂ ಪರೀಕ್ಷೆ ಮಾಡಿಸಿದ್ದರು. ಅವಳಿಗೆ ಇರಲಿಲ್ಲ, ನಾಲ್ಕು ವರ್ಷದ ಮಗಳು ಚನ್ನುಗೂ ಇರಲಿಲ್ಲ. ಗುಳಿಗೆ ತಪ್ಪಿಸದೆ ನುಂಗಿದರೆ ರೋಗದ ಜೋರು ಇಳಿಯುತ್ತದೆ, ಅಲ್ಲಿಯವರೆಗೆ ನಿರೋಧ್ ಬಿಡಬೇಡಿ ಎಂದು ಮೇಡಂ ಬಿಡಿಸಿ ಹೇಳಿದ್ದರು. ಆದರೆ ಕೆಲಸದ ಮೇಲಿದ್ದಾಗ ಹುಸೇನಪ್ಪ ಗುಳಿಗೆ ತಪ್ಪಿಸುತ್ತಿದ್ದ. ಜೋರು ಇನ್ನೂ ಇಳಿದಿರಲಿಲ್ಲ.

ಜನ ಚದುರಿದ ಮೇಲೆ ಗದಿಗೆಮ್ಮ ಇದನ್ನೆಲ್ಲ ಅಯ್ಯಗಾರರಿಗೆ ಹೇಳಿದಳು. ಅವರು ಸಾವಧಾನವಾಗಿಯೇ ಕೇಳಿಸಿಕೊಂಡರು.

"ಗಂಡ ಹೆಂಡ್ತಿನ ದೇವರು ಒಂದ ಮೈ ಮಾಡ್ಯಾನ. ನಡುವ ನೀ ರಬ್ಬರ್ ತರ್ತಿ? ಬೀಜ ಚೆಲ್ಲೋದಂದ್ರ ಕೂಸಿನ ಕೊಲಿ. ವಿಶ್ವಾಸ ಇದ್ರ ನಿನಗ ಏನೂ ಆಗಂಗಿಲ್ಲ."

"ಗಂಗಾಗ ವಿಶ್ವಾಸ ಇದ್ದಿಲ್ಲೇನ್ರಿ?"

ಅಯ್ಯಗಾರರ ಮುಖ ಕಪ್ಪಾಯಿತು. ಮುಂದಿನ ಭಾನುವಾರ ಕರ್ತನ ಭೋಜನ, ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದಿನ. ಅವತ್ತು ಎಲ್ಲರೆದುರು ತಪ್ಪಾಯಿತು ಅನ್ನಬೇಕು, ಇಲ್ಲವಾದರೆ ಕೋಣೆ ಬಿಡಬೇಕು ಎಂದು ಹೇಳಿ ಎದ್ದು ಹೋದರು.

ಗಂಗಾ ಮಗ್ಗುಲ ಕೋಣೆಯವಳು. ಅವಳ ಗಂಡನಿಗೂ ಇದೇ ರೋಗ. ನಿರೋಧ್ ಬಳಸಬಹುದೇ ಎಂದು ಕೇಳಲು ಅವಳೂ ಅಯ್ಯಗಾರರ ಬಳಿ ಹೋಗಿದ್ದಳು. ಅವರು ಕೂಡದೆಂದದ್ದಕ್ಕೆ ಹೂಂ ಅಂದು ಬಂದಿದ್ದಳು. ಬಸುರಾದಾಗ ದವಾಖಾನೆಗೆ ಹೋಗುವುದೂ ಅವಿಶ್ವಾಸವೆಂದರು, ಅದಕ್ಕೂ ಹೂಂ ಅಂದಳು. ಕೂಸು ಹುಟ್ಟಿ ಮೂರು ತಿಂಗಳಿಗೆ ಸತ್ತಿತು. ಆಮೇಲೆ ಗಂಗಾಳನ್ನು ಕೆಮ್ಮು ಹಿಡಿಯಿತು. ಹೋದ ಮಳೆಗಾಲದಲ್ಲಿ ಅವಳು ಸತ್ತಾಗ ಗದಿಗೆಮ್ಮನೇ ಮೈ ತೊಳೆದಿದ್ದಳು. ಮೈ ಒಣಕಟ್ಟಿಗೆಯಷ್ಟು ಹಗುರ. ಗಂಡ ಎತ್ತಲೋ ಹೋದ. ಆ ಕೋಣೆಗೆ ಇನ್ನೂ ಯಾರೂ ಬಂದಿರಲಿಲ್ಲ.

ಆದರೂ ಕೆಮ್ಮು ಕೇಳುತ್ತಿತ್ತು. ಮುಂಜಾನೆ ರೊಟ್ಟಿ ತಟ್ಟುವಾಗ, ಒಂದು ತಟ್ಟಿಗೂ ಇನ್ನೊಂದಕ್ಕೂ ನಡುವೆ, ತಗಡಿನ ಆಚೆಯಿಂದ. ಗದಿಗೆಮ್ಮ ಕೈ ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಭ್ರಮೆ ಅಂದುಕೊಂಡಿದ್ದಳು. ಆ ವಾರ ಒಂದು ದಿನ ಚನ್ನು ತಗಡಿಗೆ ಕಿವಿ ಹಚ್ಚಿ, "ಯವ್ವಾ, ಗಂಗಾ ದೊಡ್ಡವ್ವ ನೀರ ಕೇಳಾಕತ್ಯಾಳ" ಅಂದಳು. ಗದಿಗೆಮ್ಮ ಮಗಳನ್ನು ಎಳೆದು ಎದೆಗವಚಿಕೊಂಡಳು.

ಉಳಿದ ಪೊಟ್ಟಣಗಳನ್ನು ಹುಸೇನಪ್ಪ ಗಟಾರಕ್ಕೆ ಎಸೆದು ಬಂದಿದ್ದ. ಕೋಣೆ ಹೋದರೆ, ಮೇಸ್ತ್ರಿ ಬೇಡವೆಂದರೆ ಎಲ್ಲಿಗೆ ಹೋಗುವುದೆಂದು ಅವಳನ್ನೇ ಕೇಳಿದ. ಅವಳು ಬೈಯಲಿಲ್ಲ. ತನ್ನ ಹಾಸಿಗೆಯನ್ನು ಬಾಗಿಲ ಬಳಿಗೆ ಎಳೆದುಕೊಂಡಳು.

"ನೀ ಸಾಯಬಾರ್ದು ಅಂತ ದವಾಖಾನಿಗೆ ನಾನ ಅಲೀತೀನಿ. ನಿನ್ನ ಸಂಗಾಟ ನಾನೂ ಸಾಯಲೇನು? ಈ ಕೂಸನ್ನ ಯಾರಿಗೆ ಕೊಡ್ಲಿ, ನಿನ್ನ ಅಯ್ಯಗಾರಗ?"

ಅವನು ಗೋಡೆಗೆ ಮುಖ ಮಾಡಿ ಅತ್ತ.

ಭಾನುವಾರ ರೊಟ್ಟಿ ಚೂರು ಹಂಚಿದ ಮೇಲೆ ಅಯ್ಯಗಾರು ದ್ರಾಕ್ಷಾರಸದ ಬಟ್ಟಲು ಎತ್ತಿಕೊಂಡರು. ಒಬ್ಬೊಬ್ಬರೂ ಮುಂದೆ ಹೋಗಿ ಅದೇ ಬಟ್ಟಲಿಗೆ ತುಟಿ ಹಚ್ಚಿ ಬಂದರು. ಹುಸೇನಪ್ಪನ ಸರದಿ ಬಂದಾಗ ಅಯ್ಯಗಾರು ಬಟ್ಟಲನ್ನು ಮೇಜಿನ ಮೇಲಿಟ್ಟರು. ಕೆಳಗಿನಿಂದ ಒಂದು ಪ್ಲಾಸ್ಟಿಕ್ ಲೋಟ ತೆಗೆದು ಅದರಲ್ಲಿ ಒಂದು ಗುಟುಕು ಸುರಿದು, ಅವನ ಬೆರಳು ತಾಕದಂತೆ ಮುಂದಕ್ಕೆ ತಳ್ಳಿದರು.

ಗದಿಗೆಮ್ಮ ಸಾಲು ಬಿಟ್ಟು ಮುಂದೆ ನಡೆದಳು. ತಪ್ಪೊಪ್ಪಿಗೆಗೆ ಬಂದಳೆಂದುಕೊಂಡು ಅಯ್ಯಗಾರು ಜಾಗ ಬಿಟ್ಟರು. ಅವಳು ಮೇಜಿನ ಮೇಲಿನ ಬಟ್ಟಲನ್ನೇ ಎತ್ತಿ ಗಂಡನ ಬಾಯಿಗೆ ಹಿಡಿದಳು. ಅವನು ಕುಡಿದ. ಅದೇ ಅಂಚಿಗೆ ಬಾಯಿಟ್ಟು ತಾನೂ ಕುಡಿದಳು. ಒಂದೇ ಬಟ್ಟಲಲ್ಲಿ ಕುಡಿದರೆ ಈ ರೋಗ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬಟ್ಟಲನ್ನು ಅಯ್ಯಗಾರರತ್ತ ಚಾಚಿದಳು.

"ಇವನ ಎಂಜಲಕ್ಕ ನೀವು ಹೇಸ್ತೀರಿ. ನನಗ ಮೈ ಒಡ್ಡು ಅಂತೀರಿ. ಕುಡೀರಿ."

"ಸಂಜಿ ಆಗೂದ್ರೊಳಗ ಕೋಣಿ ಖಾಲಿ ಮಾಡ್ರಿ, ಬಾಡ್ಯಾರ."

"ಮಾಡ್ತೀವ್ರಿ. ಮೊದಲ ಇದನ್ನ ಕುಡೀರಿ."

ಅಯ್ಯಗಾರು ಒಂದು ಹೆಜ್ಜೆ ಹಿಂದೆ ಸರಿದರು. ಅವರ ಬೆನ್ನು ತಗಡಿಗೆ ತಾಗಿ ಸದ್ದಾಯಿತು. ಈ ಸಲ ಯಾರೂ ನಗಲಿಲ್ಲ. ಗದಿಗೆಮ್ಮ ಚಾಚಿದ ಕೈಯನ್ನು ಇಳಿಸಲಿಲ್ಲ.