ಸೊರಬಕ್ಕೆ ಸುದ್ದಿ ಹೋದ ದಾರಿ

ವೀರಮ್ಮ ರೇಡಿಯೋ ಡಬ್ಬಿಯ ಕೆಂಪು ವೈರಿನ ತುದಿಯನ್ನು ಹಲ್ಲಿನಿಂದ ಸುಲಿದು ಬ್ಯಾಟರಿಗೆ ಸಿಕ್ಕಿಸುತ್ತಿದ್ದಾಗ ಭಾವ ವೀರಬಸಪ್ಪ ಬಾಗಿಲಲ್ಲಿ ಬಂದು ನಿಂತರು. ಪಡಸಾಲೆಯಲ್ಲಿ ಅವರ ತಮ್ಮ, ವೀರಮ್ಮನ ಗಂಡ ಪರಮಶಿವಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

“ಹೆಣದ ಮುಂದೆ ಕೂರಾದು ಬಿಟ್ಟು ಇಲ್ಲೇನ್ ಮಾಡ್ತೀಯವ್ವ?”

“ದೀಪಾಗೆ ಸುದ್ದಿ ಮುಟ್ಟಿಸ್ಬೇಕು ಭಾವ.”

ಒಬ್ಬಳೇ ಮಗಳು ದೀಪಶ್ರೀ. ಈಚೆಗಷ್ಟೇ ಸೊರಬದ ಆಸ್ಪತ್ರೆಗೆ ನರ್ಸಾಗಿ ಹೋಗಿದ್ದಳು. ತೊಂಬತ್ತೇಳರ ಆ ಆಷಾಢದ ಗಾಳಿಗೆ ಟೆಲಿಫೋನ್ ಕಂಬಗಳು ಸಾಲಾಗಿ ಮಲಗಿದ್ದವು, ಕರೆಂಟೂ ಇರಲಿಲ್ಲ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬೈಕಿನಲ್ಲಿ ಹೊರಟವರು, ಹಳ್ಳ ರಸ್ತೆಯ ಮೇಲೆ ಹರಿಯುತ್ತಿದೆಯೆಂದು ತಿರುಗಿ ಬಂದಿದ್ದರು. ಉಳಿದದ್ದು ಶಿವಮೊಗ್ಗ, ಸಾಗರದ ಸುತ್ತುದಾರಿ. ಆ ದಾರಿಯಲ್ಲಿ ಆಳು ಹೋಗಿ ಅವಳನ್ನು ಕರೆತರುವಷ್ಟರಲ್ಲಿ ಕತ್ತಲಾಗುತ್ತದೆ. ಹೊತ್ತು ಮುಳುಗುವ ಮೊದಲು ಮಣ್ಣು ಮಾಡಬೇಕೆಂದು ಹಿರಿಯರು ಹೇಳಿಯಾಗಿತ್ತು. ಸುದ್ದಿಯೊಂದು ಈಗಲೇ ತಲುಪಿದರೆ ಅವಳು ಅಲ್ಲಿಂದಲೇ ಹೊರಟು ಬರಬಹುದು.

“ಅವನಿದ್ದಿದ್ರೆ ಮಾಡ್ತಿದ್ದ. ನಿಂಗೇನ್ ಗೊತ್ತೈತಿ ಅದರದ್ದು?” ಎಂದರು ವೀರಬಸಪ್ಪ.

ವೀರಮ್ಮ ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು. ಗುಂಡಿ ಒತ್ತಿದಳು.

* * *

ಪರಮಶಿವಪ್ಪ ಶಿಕಾರಿಪುರದಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿಕೊಡುತ್ತಿದ್ದವನು. ಹಾಗೆ ಸುತ್ತುತ್ತಲೇ ಅವನಿಗೆ ರೇಡಿಯೋದ ಹುಚ್ಚು ಹಿಡಿಯಿತು. ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಲೈಸೆನ್ಸ್ ತಂದ. ತಾನೇ ಡಬ್ಬಿ ಜೋಡಿಸಿ, ಮಾಳಿಗೆಯಿಂದ ಪಕ್ಕದ ಹುಣಸೆಮರಕ್ಕೆ ತಂತಿ ಎಳೆದು, ಅದರೊಳಗಿಂದ ಕಾಣದವರ ಜೊತೆ ಮಾತಾಡತೊಡಗಿದ. ಓಣಿಯವರು ನಕ್ಕರು. ಎದುರು ಮನೆಯವರ ಹತ್ತಿರ ಎರಡು ಮಾತಾಡದವನಿಗೆ ಎಲ್ಲೆಲ್ಲಿಯವರ ಜೊತೆಗೋ ಹರಟೆ ಬೇಕೇ ಎಂದು ವೀರಮ್ಮನೂ ಬೈದಿದ್ದುಂಟು.

ದಿನವೂ ಬಿಸಿಲೇರಿದ ಮೇಲೆ, ಅಂಥದೇ ಡಬ್ಬಿ ಇಟ್ಟುಕೊಂಡಿದ್ದ ಸೊರಬದ ಮಾಸ್ತಪ್ಪನ ಜೊತೆ ಮಾತು ತಪ್ಪುತ್ತಿರಲಿಲ್ಲ. ಮಾಸ್ತಪ್ಪನಿಗೆ ಎಳವೆಯಲ್ಲೇ ಪೋಲಿಯೋದಿಂದ ಕಾಲು ಹೋಗಿದ್ದವು, ಬಸ್ಸು ಹತ್ತುತ್ತಿರಲಿಲ್ಲ. ಇವನು ಬರುತ್ತೇನೆ, ಬರುತ್ತೇನೆ ಎನ್ನುತ್ತಲೇ ವರ್ಷಗಳನ್ನು ಕಳೆದ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ಕಂಡಿರಲಿಲ್ಲ.

ಎಷ್ಟೋ ಸಲ ಪರಮಶಿವಪ್ಪ ಮೈಕನ್ನು ಹೆಂಡತಿಯ ಬಾಯ ಬಳಿ ಹಿಡಿದಿದ್ದ. ಅವಳು ಸೆರಗು ಅಡ್ಡ ಹಿಡಿದು ಒಳಗೆ ಹೋಗಿಬಿಡುತ್ತಿದ್ದಳು. ಆದರೆ ರೊಟ್ಟಿ ತಟ್ಟುತ್ತ ನೋಡಿದ್ದು, ಕೇಳಿದ್ದು ಮರೆತಿರಲಿಲ್ಲ. ಯಾವ ಗುಂಡಿ ಮೊದಲು, ಯಾವುದು ಆಮೇಲೆ, ಹೆಸರಿನ ಬದಲು ಅವನು ಹೇಳುತ್ತಿದ್ದ ಇಂಗ್ಲಿಷ್ ಅಕ್ಷರಗಳು ಯಾವುವು, ಎಲ್ಲವೂ ಗೊತ್ತಿತ್ತು.

* * *

ಡಬ್ಬಿ ಗೊರಗುಟ್ಟಿತು. ವೀರಮ್ಮ ಆ ಅಕ್ಷರಗಳನ್ನು ಒಂದೊಂದಾಗಿ ಹೇಳಿ, ಮಾಸ್ತಪ್ಪನವರು ಇದ್ದಾರೆಯೇ ಎಂದು ಕೇಳಿದಳು. ಉತ್ತರವಿಲ್ಲ. ಮತ್ತೆ ಕೇಳಿದಳು. ಗೊರಗೊರದ ನಡುವೆ ಯಾರೋ ತಮಿಳಿನಲ್ಲಿ, ಇನ್ಯಾರೋ ಹಿಂದಿಯಲ್ಲಿ ಮಾತಾಡುತ್ತಿದ್ದರು. ಪಡಸಾಲೆಯಲ್ಲಿದ್ದ ಹೆಂಗಸರು ಎದ್ದು ಬಂದು ಬಾಗಿಲಲ್ಲಿ ಗುಂಪುಗೂಡಿದರು.

ಅಷ್ಟರಲ್ಲಿ ದೂರದ ದನಿಯೊಂದು ತೇಲಿ ಬಂತು. “ಯಾರ್ರೀ ಅದು? ಇದು ಪರಮಶಿವಪ್ಪನವರ ಸ್ಟೇಷನ್ನು. ನಾ ಹೈದರಾಬಾದ್ನಿಂದ ಸಂಗಮೇಶ.”

“ನಾನು ಅವರ ಮನೆಯಾಕಿ,” ಎಂದಳು ವೀರಮ್ಮ. “ಅವರು ಹೋಗಿಬಿಟ್ರು. ಮಗಳು ಸೊರಬದಾಗಿದಾಳೆ, ಅವಳಿಗೆ ಗೊತ್ತಿಲ್ಲ.”

ಬೆಳಗ್ಗಿನಿಂದ ಈ ಮಾತನ್ನು ಅವಳು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ ಮೇಲೆ ಗುಂಡಿಯನ್ನು ಒತ್ತಿ ಹಿಡಿದೇ ಇದ್ದಳು. ಅದನ್ನು ಬಿಡದೆ ಆ ಕಡೆಯ ದನಿ ಕೇಳಿಸುವುದಿಲ್ಲವೆಂಬುದು ನೆನಪಾಗಿ ಬೆರಳು ತೆಗೆದಳು.

ಸಂಗಮೇಶ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದ. ಅವನು ಹೇಳಿ ಮುಗಿಸುತ್ತಿದ್ದಂತೆ ತಮಿಳಿನ ಮಾತು ನಿಂತಿತು. ಹಿಂದಿಯ ಮಾತೂ ನಿಂತಿತು. ಯಾವ ಯಾವ ಊರಿನವರೋ, ಎಲ್ಲರೂ ಅವಳಿಗಾಗಿ ಜಾಗ ಬಿಟ್ಟು ಸುಮ್ಮನಾದರು.

“ಈ ಹೊತ್ತಿನಾಗ ನಿಮ್ಮ ದನಿ ಸೊರಬದ ತಲಿ ಮ್ಯಾಲೆ ಹಾರಿ ಹೊಕ್ಕೈತವ್ವ,” ಎಂದ ಸಂಗಮೇಶ ಕನ್ನಡದಲ್ಲಿ. “ಬಿಸಿಲೇರೋ ತನಕ ಹಿಂಗ, ಹತ್ತಿರದವ್ರಿಗೆ ಕೇಳಂಗಿಲ್ಲ. ನನಗ ಕೇಳತೈತಿ, ನಾ ಅವರಿಗೆ ಹೇಳ್ತೀನಿ.”

ಅವನು ಮಾಸ್ತಪ್ಪನನ್ನು ಕರೆದ. ಮಾಸ್ತಪ್ಪ ಹೇಳಿದ್ದು ಇಲ್ಲಿ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದು ಸಂಗಮೇಶನ ಅರ್ಧ ಮಾತು, ಆಮೇಲೆ ಖಾಲಿ, ಮತ್ತೆ ಅರ್ಧ ಮಾತು. ಕೊನೆಗೆ ಅವನು, ಮಾಸ್ತಪ್ಪನಿಗೆ ಎಲ್ಲ ತಿಳಿಯಿತೆಂದೂ, ಜೀಪು ಮಾಡಿಕೊಂಡು ಮಾಸ್ತಪ್ಪನೇ ಆಸ್ಪತ್ರೆಗೆ ಹೊರಟನೆಂದೂ ಹೇಳಿದ.

ವೀರಬಸಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಹಳ್ಳ ದಾಟದಿರೋ ಸುದ್ದಿ ಹೈದರಾಬಾದಿಗೆ ಹೋಗಿ ಸೊರಬ ಮುಟ್ತಲ್ಲವ್ವ,” ಎಂದರು. ತಮ್ಮನನ್ನು ಹಿಂದೆಂದೂ ನೋಡದವರಂತೆ ಪಡಸಾಲೆಯ ಕಡೆ ತಿರುಗಿ ನೋಡಿದರು.

* * *

ಹೊಲದ ಮೂಲೆಯಲ್ಲಿ ತೆಗೆದ ಗುಂಡಿಯಲ್ಲಿ ಪರಮಶಿವಪ್ಪನನ್ನು ಕೂರಿಸಿದ್ದರು. ಬಿಸಿಲು ಕೆಂಪಾಗುತ್ತಿತ್ತು. ಇನ್ನು ಕಾಯುವುದು ಬೇಡವೆಂದು ಒಬ್ಬಿಬ್ಬರು ಗೊಣಗಿದರು. ವೀರಬಸಪ್ಪ ಸನಿಕೆ ಹಿಡಿದವರ ಮುಂದೆ ಹೋಗಿ ನಿಂತು, ಯಾರೂ ಮಣ್ಣು ಮುಟ್ಟಬಾರದೆಂದರು.

ಜೀಪು ಬಂತು. ದೀಪಶ್ರೀ ನರ್ಸಿನ ಬಿಳಿ ಸೀರೆಯಲ್ಲೇ ಓಡಿ ಬಂದು ತಾಯಿಯನ್ನು ತಬ್ಬಿಕೊಂಡಳು. ಗುಂಡಿಯ ಅಂಚಿಗೆ ಕೂತು, ಅಪ್ಪನ ಕೆನ್ನೆ ಮುಟ್ಟಿ, ಜೋರಾಗಿ ಅತ್ತಳು.

ಅವಳ ಹಿಂದೆ, ಕಂಕುಳಲ್ಲಿ ಎರಡು ಊರುಗೋಲು ಸಿಕ್ಕಿಸಿಕೊಂಡು, ಕೆಸರಲ್ಲಿ ಅವು ಹೂಳದಂತೆ ಒಂದೊಂದನ್ನೇ ಕಿತ್ತು ಊರುತ್ತ, ದಪ್ಪ ಕನ್ನಡಕದವನೊಬ್ಬ ಬರುತ್ತಿದ್ದ. ಜನ ದಾರಿ ಬಿಟ್ಟರು. ಅವನು ಗುಂಡಿಯೊಳಗೆ ಇಣುಕಿದ.

“ಇವರೇನಮ್ಮ?”

ಡಬ್ಬಿಯಲ್ಲಿ ದಿನಾ ಕೇಳುತ್ತಿದ್ದ ದನಿ. ವೀರಮ್ಮ ತಲೆಯಾಡಿಸಿದಳು.

“ಇಷ್ಟು ಸಣ್ಣ ಆಳಾ?” ಎಂದ ಮಾಸ್ತಪ್ಪ ಮೆಲ್ಲಗೆ. “ದನಿ ಕೇಳಿ ಆರಡಿ ಇದಾರೆ ಅಂದ್ಕೊಂಡಿದ್ದೆ.”

ಅವನು ಊರುಗೋಲುಗಳನ್ನು ಮಣ್ಣಿನ ಗುಡ್ಡೆಯ ಮೇಲೆ ಮಲಗಿಸಿ, ಒದ್ದೆ ನೆಲದಲ್ಲಿ ಕೂತು, ಜೋತ ಕಾಲುಗಳನ್ನು ಕೈಯಿಂದಲೇ ಎತ್ತಿ ಗುಂಡಿಯೊಳಗೆ ಇಳಿಬಿಟ್ಟ. ವೀರಬಸಪ್ಪ ಹಿಂದಿನಿಂದ ಅವನ ಸೊಂಟ ಹಿಡಿದುಕೊಂಡರು. ಅವನು ಬಗ್ಗಿದ, ಇನ್ನೂ ಬಗ್ಗಿದ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಆ ಮುಖವನ್ನು ನೋಡತೊಡಗಿದ. ಅಯ್ನೋರು ಬಿಲ್ವಪತ್ರೆಯ ತಟ್ಟೆ ಹಿಡಿದು, ಮಂತ್ರ ನಿಲ್ಲಿಸಿ, ಅವನು ನೋಡಿ ಮುಗಿಸಲೆಂದು ಕಾಯುತ್ತಿದ್ದರು.