ಕಸಿಲ್ದಾಳ ಪ್ಲೀಸ್

"ಇನ್ನೊಂದ್ಸಲ ಹೇಳು. ಬಾಗಿಲು ಬಡಿದ ಹಾಗೆ ಹೇಳ್ಬೇಡ," ಎಂದಳು ಎಲ್ವಿರಾ.

"ಪ್ಲೀಸ್," ಎಂದಳು ಕಸಿಲ್ದಾ, ಬಾಗಿಲು ಬಡಿದ ಹಾಗೆಯೇ.

ಹಿಂದೆ ಕೂತಿದ್ದ, ಜೊತೆಗೆ ಬಡಿಸುವ ಹುಡುಗ ಬ್ರೌಲಿಯೊ ಕಿಸಕ್ಕನೆ ನಕ್ಕ. ಅಲ್ಮುನ್ಯೇಕರ್ ಎಂಬ ಊರಿನ ಕಡಲ ದಂಡೆಯ ಆ ಹೋಟೆಲಿನಲ್ಲಿ ಮಧ್ಯಾಹ್ನದ ಅತಿಥಿಗಳು ಎದ್ದುಹೋದ ಮೇಲೆ, ನೌಕರರು ತಮ್ಮ ಊಟಕ್ಕೆ ಕೂರುವ ಮುಂಚೆ, ಈಚೆಗೆ ದಿನವೂ ಇದೊಂದು ಶನಿಕಾಟ. ಬಡಿಸುವವರು ಒರಟರು ಎಂದು ಇಂಗ್ಲಿಷ್ ಅತಿಥಿ ಯಾರೋ ದೂರಿದ್ದರು. ಯಜಮಾನನ ಹೆಂಡತಿ ಎಲ್ವಿರಾ ಇಂಗ್ಲೆಂಡಿನಲ್ಲಿ ಇದ್ದು ಬಂದವಳು. ಪಾಠ ಹೇಳಲು ತಾನೇ ನಿಂತಳು. ಶನಿವಾರದೊಳಗೆ ಪ್ಲೀಸ್ ಹೇಳಲು ಬಾರದವರು ನೆಲಮಾಳಿಗೆಗೆ ಹೋಗಿ ಹಾಸಿಗೆ ಬಟ್ಟೆ ಒಗೆಯಬೇಕು ಎಂದಳು.

ಆ ಮಾತು ಯಾರಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಒಂದೇ ಬೀದಿಯಲ್ಲಿ ಬೆಳೆದ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಎಲ್ವಿರಾ ಯಜಮಾನಿಯಾಗಿ ಬಂದ ಹೊಸದರಲ್ಲಿ ಅತಿಥಿಗಳೆದುರೇ ಕಸಿಲ್ದಾ ಅವಳನ್ನು "ಎಲ್ವೀ" ಎಂದು ಕೂಗಿಬಿಟ್ಟಿದ್ದಳು. ಅದನ್ನು ಎಲ್ವಿರಾ ಮರೆತಿರಲಿಲ್ಲ. ಕಸಿಲ್ದಾಳಿಗೋ ಆ ಊಟದ ಮನೆಯೇ ಜೀವ. ದೊಡ್ಡ ಕಿಟಕಿ, ಆಚೆ ಸಮುದ್ರ, ವರ್ಷವರ್ಷವೂ ಬಂದು ಹೆಸರು ಹಿಡಿದು ಕರೆಯುವ ಗಿರಾಕಿಗಳು. ಕೆಳಗೆ ಬರೀ ಹಬೆ, ಕಿಟಕಿಯೇ ಇಲ್ಲ.

"ಏನಾದ್ರೂ ಕೇಳುವಾಗ ಕೊನೇಲಿ ಪ್ಲೀಸ್," ಎಲ್ವಿರಾ ಬೆರಳು ಮಡಚಿದಳು. "ಯಾರಾದ್ರೂ ಕೊಡ್ಲಾ ಅಂದ್ರೆ ಬರೀ ಹೂಂ ಅನ್ಬಾರ್ದು, ಹೂಂ ಪ್ಲೀಸ್. ಕುರ್ಚಿ ತೋರ್ಸಿ ಕೂರ್ಸುವಾಗ್ಲೂ ಪ್ಲೀಸ್."

"ನಮ್ಮಲ್ಲಿ ಒಂದು ಕಾಫಿ ಹಾಕಪ್ಪಾ ಅಂದ್ರೆ ಹಾಕ್ತಾನೆ. ಕಾಫಿಗೂ ಗೋಗರೀಬೇಕಾ?"

"ಗೋಗರೆಯೋದಲ್ಲ, ಮರ್ಯಾದೆ. ನಿಂಗೆ ಗೊತ್ತಿಲ್ದೇ ಇರೋದು."

ಕಸಿಲ್ದಾ ಹಲ್ಲು ಕಚ್ಚಿಕೊಂಡಳು. ಆದರೂ ಮನೆಗೆ ಹೋಗಿ ಗಂಡನ ಮೇಲೆ ಅಭ್ಯಾಸ ಮಾಡಿದಳು. "ಉಪ್ಪು ಕೊಡು, ಪ್ಲೀಸ್."

ಗಂಡ ಗಾಬರಿಯಾದ. "ಡಾಕ್ಟ್ರು ಏನಂದ್ರು? ಮುಚ್ಚಿಡ್ಬೇಡ, ಹೇಳ್ಬಿಡು."

ಶುಕ್ರವಾರ ಪಾಠ ಮುಗಿಸಿ ಎಲ್ವಿರಾ ಮೇಲೆ ಹೋದಳು. ನೌಕರರು ಕಡಲೆಕಾಳು ಪಾಲಕ್ ಸೊಪ್ಪಿನ ಸಾರು ಹಾಕಿಕೊಂಡು ಕೂತರು. ಕಸಿಲ್ದಾ ಮೊದಲ ಚಮಚ ಎತ್ತಿದ್ದಳಷ್ಟೆ. ಮರೆತುಹೋದ ಕನ್ನಡಕ ಹುಡುಕಿಕೊಂಡು ಇಂಗ್ಲಿಷ್ ಮುದುಕಿ ಮಿಸೆಸ್ ಥಾರ್ಪ್ ಒಳಗೆ ಬಂದರು.

ಆ ಊರ ಪದ್ಧತಿಯಲ್ಲಿ ಉಣ್ಣುವಾಗ ಯಾರೇ ಎದುರು ಬಂದರೂ "ತಿಂತೀರಾ?" ಎಂದು ಕೇಳದೆ ತುತ್ತು ಎತ್ತುವಂತಿಲ್ಲ. ಅಪ್ಪನ ದೋಣಿ ಜಪ್ತಿಗೆ ಬಂದ ಅಮೀನನನ್ನೂ ಕಸಿಲ್ದಾಳ ಅಮ್ಮ ಕೇಳಿದ್ದಳು. ಬಂದವರು "ನೀವು ಉಣ್ಣಿ, ಮೈಗೆ ಹತ್ತಲಿ" ಎಂದು ಹೊರಟುಬಿಡಬೇಕು. ನಿಜವಾಗಿ ಯಾರಾದರೂ ಕೂರುತ್ತಾರೆಯೇ? ಕಸಿಲ್ದಾ ತನ್ನ ತಟ್ಟೆಯನ್ನು ಒಂದಿಷ್ಟು ಮುಂದೆ ಸರಿಸಿ, ಪಕ್ಕದ ಕುರ್ಚಿ ತೋರಿಸಿ, ಬೆಣ್ಣೆಯಂಥ ದನಿಯಲ್ಲಿ ಹೇಳಿದಳು:

"ಪ್ಲೀಸ್."

ಮಿಸೆಸ್ ಥಾರ್ಪ್ ಕೂತೇಬಿಟ್ಟರು.

"ಅಯ್ಯೋ ದೇವ್ರೇ, ಕೂತ್ಬಿಟ್ರಲ್ಲಕ್ಕಾ!" ಬ್ರೌಲಿಯೊ ಪಿಸುಗುಟ್ಟಿದ.

"ಬಾಯ್ಮುಚ್ಕೊಂಡು ಬ್ರೆಡ್ ಕೊಡೋ."

ಮುದುಕಿ ಕಸಿಲ್ದಾಳ ತಟ್ಟೆಯನ್ನು ಖಾಲಿ ಮಾಡಿ, "ಪ್ಲೀಸ್" ಎಂದು ಇನ್ನೊಂದು ಸೌಟು ಹಾಕಿಸಿಕೊಂಡರು. ಕಸಿಲ್ದಾಳ ಹೊಟ್ಟೆ ಚುರುಗುಡುತ್ತಿತ್ತು, ಆದರೂ ಖುಷಿಯಾಯಿತು. ಎಷ್ಟು ರುಚಿಯಾಗಿ ಉಂಡಿತು ಪಾಪ ಆ ಜೀವ! ಅಷ್ಟರಲ್ಲಿ ಎಲ್ವಿರಾ ಬಾಗಿಲಲ್ಲಿ ಬಂದು ನಿಂತಿದ್ದಳು. ಮುದುಕಿ ಕನ್ನಡಕ ಹಾಕಿಕೊಂಡು ಹೊರಗೆ ಹೋಗುವವರೆಗೂ ನಗುತ್ತಲೇ ಇದ್ದಳು.

ಆಮೇಲೆ ನಗು ಹೋಯಿತು. "ಅತಿಥಿಗೆ ನೌಕರರ ಎಂಜಲು ತಿನ್ನಿಸ್ದ್ಯಾ?"

"ಚಮಚ ಬಾಯಿಗೇ ಹೋಗಿರ್ಲಿಲ್ಲ. ಕರೆದೆ, ಕೂತ್ರು. ನೀವು ಹೇಳ್ಕೊಟ್ಟ ಮಾತೇ ಅಮ್ಮಾವ್ರೇ."

"ಬಾಯುಪಚಾರ ಅಂತ ಅವ್ರಿಗೇನು ಗೊತ್ತು? ನಾಳೆ ಊರೆಲ್ಲ ನಗತ್ತೆ. ನಡಿ ಕೆಳಗೆ, ಇವತ್ತಿಂದಾನೇ." ಹತ್ತಿರ ಬಂದು ದನಿ ತಗ್ಗಿಸಿದಳು. "ಇಲ್ಲೇ ಇರ್ಬೇಕಾ? ಇಷ್ಟು ಜನರ ಮುಂದೆ ನನ್ನ ಕೇಳು. ಆ ಮಾತು ಸೇರ್ಸಿ ಕೇಳು. ನಾಲಿಗೆ ಏನೂ ಸವೆಯಲ್ಲ."

ಕಸಿಲ್ದಾ ಕಿಟಕಿಯ ಕಡೆ ನೋಡಿದಳು. ಹೇಳಿಬಿಡೋಣ ಅನ್ನಿಸಿತು.

ಆದರೆ ಎದ್ದು ಹೋಗಿ ಪಾತ್ರೆಯಿಂದ ತಟ್ಟೆ ತುಂಬ ಸಾರು ಬಡಿಸಿಕೊಂಡು ಬಂದು, ಎಲ್ವಿರಾಳ ಎದುರೇ ಕೂತು ಉಣ್ಣತೊಡಗಿದಳು. ಒಂದು ಚಮಚ, ಇನ್ನೊಂದು. ತಲೆ ಎತ್ತಲಿಲ್ಲ, "ತಿಂತೀರಾ?" ಎಂದು ಕೇಳಲಿಲ್ಲ. ಬ್ರೌಲಿಯೊ ಅಗಿಯುವುದನ್ನೇ ಮರೆತ. ಎಲ್ವಿರಾ ಕೂಡ ಆ ಬೀದಿಯಲ್ಲೇ ಬೆಳೆದವಳಲ್ಲವೇ? ಅವಳ ಕತ್ತು ಕೆಂಪಗಾಯಿತು.

"ನಾನಿಲ್ಲಿ ನಿಂತಿದ್ದೀನಿ," ಎಂದಳು. ದನಿ ಸಣ್ಣಗಿತ್ತು.

ಕಸಿಲ್ದಾ ಬ್ರೆಡ್ ಮುರಿದು ತಟ್ಟೆ ಒರೆಸಿ ಬಾಯಿಗೆ ಹಾಕಿಕೊಂಡಳು. ತಟ್ಟೆ ತೊಳೆದಳು. ಬಿಳಿ ಏಪ್ರನ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ ನೆಲಮಾಳಿಗೆಯ ಮೆಟ್ಟಿಲು ಇಳಿದುಹೋದಳು.

ಮೇಲೆ ಉಳಿದವರು ಒಬ್ಬೊಬ್ಬರಾಗಿ ತಟ್ಟೆಗೆ ತಲೆ ಬಗ್ಗಿಸಿ ಉಣ್ಣತೊಡಗಿದರು. ಎಲ್ವಿರಾ ನಿಂತೇ ಇದ್ದಳು. ಅವಳನ್ನು ಯಾರೂ ಕೇಳಲಿಲ್ಲ.