ಟವೆಲಿನ ಕೆಳಗೆ ಆದ ವ್ಯಾಪಾರ

ಸಿಎಂಎ ಕೊನೆಯ ಪರೀಕ್ಷೆ ಪಾಸಾಗಿ, ಸಂಬಳ ಜಾಸ್ತಿ ಕೇಳಬೇಕೆಂದು ನಾನು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ತಿರುಗುತ್ತಿದ್ದ ವಾರದಲ್ಲೇ ನಮ್ಮಪ್ಪ ನನ್ನನ್ನು ದನದ ಸಂತೆಯಲ್ಲಿ ಮಾರಿಬಂದ. ಹೀಗೆ ಹೇಳಿದರೆ ಅವ್ವನಿಗೆ ಸಿಟ್ಟು ಬರುತ್ತದೆ. ಬರಲಿ, ನನಗೆ ಬಂದಷ್ಟಂತೂ ಬರಲಿಕ್ಕಿಲ್ಲ.

ನಾನು ಕೋಮಲ. ನಂಜನಗೂಡಿನ ಒಂದು ಬೂಸಾ ಮಿಲ್ಲಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ದನಕ್ಕೆ ಹಾಕುವ ಬೂಸಾ, ಹಿಂಡಿ, ಜೋಳದ ನುಚ್ಚು ಎಲ್ಲ ಅಲ್ಲಿ ಮೂಟೆಯಾಗುತ್ತದೆ. ಒಂದು ಮೂಟೆ ತಯಾರಾಗಲು ನಿಜಕ್ಕೂ ಎಷ್ಟು ಖರ್ಚು ಬೀಳುತ್ತದೆ ಎಂದು ಹೇಳುವುದೇ ಸಿಎಂಎ ಓದಿದವರ ಕೆಲಸ. ಮಿಲ್ಲಿನಲ್ಲಿ ದುಡಿಯುತ್ತ, ಬಸ್ಸಿನಲ್ಲಿ ಓದುತ್ತ, ಎರಡು ಸಲ ಡುಮ್ಕಿ ಹೊಡೆದು ಅಂತೂ ಮುಗಿಸಿದೆ. ಬನ್ನೂರು ಕಡೆಯ ನಮ್ಮೂರಿನಲ್ಲಿ ಮಾತ್ರ ಇವತ್ತಿಗೂ 'ಮಾದಪ್ಪನ ಮಗಳು ಸಿಎಂ ಆಗ್ಬುಟ್ಟಳಂತೆ' ಎಂದೇ ಸುದ್ದಿ.

ಮಿಲ್ಲಿನ ಮಾಲೀಕರು ಮಹಾದೇವಸ್ವಾಮಿ. ಒಳ್ಳೆಯವರು. ಒಳ್ಳೆಯವರ ಹತ್ತಿರ ದುಡ್ಡು ಕೇಳುವುದು ಕೆಟ್ಟವರ ಹತ್ತಿರ ಕೇಳುವುದಕ್ಕಿಂತ ಕಷ್ಟ. ರಿಸಲ್ಟ್ ಬಂದ ದಿನ ಎಲ್ಲರಿಗೂ ಮೈಸೂರು ಪಾಕ್ ಹಂಚಿಸಿ, "ಇವಳು ನಮ್ಮ ಮನೆ ಮಗಳು" ಎಂದು ನನ್ನ ತಲೆ ಮುಟ್ಟಿದರು. ಮನೆ ಮಗಳು ಎಂದರೆ ಸಂಬಳ ಕೇಳಬಾರದವಳು ಎಂದರ್ಥ. ನನಗೆ ಬರುತ್ತಿದ್ದುದು ಇಪ್ಪತ್ತು ಸಾವಿರ. ಇದೇ ಪರೀಕ್ಷೆ ಪಾಸಾದ ನನ್ನ ಗೆಳತಿ ಶ್ವೇತ ಮೈಸೂರಿನ ಕಂಪನಿಯೊಂದರಲ್ಲಿ ಐವತ್ತಕ್ಕೆ ಸೇರಿದ್ದಳು. ನಾನು ನಲವತ್ತೈದು ಕೇಳಬೇಕೆಂದುಕೊಂಡೆ.

ಅಂದುಕೊಳ್ಳುವುದೇನು, ದಿನಾ ಅಂದುಕೊಂಡೆ. ನರಸೀಪುರದಲ್ಲಿ ಬಸ್ಸು ಹತ್ತುವಾಗ ನಲವತ್ತೈದು. ನಂಜನಗೂಡು ಹತ್ತಿರವಾಗುತ್ತಿದ್ದಂತೆ ನಲವತ್ತು. ಮಿಲ್ಲಿನ ಗೇಟು ಕಂಡಾಗ, ನಾಳೆ ಕೇಳಿದರಾಯಿತು. ಕಂಡಕ್ಟರು ಕೊಟ್ಟ ಹೆಂಗಸರ ಶೂನ್ಯ ಟಿಕೆಟನ್ನು ಬೆರಳಲ್ಲಿ ಸುತ್ತಿ ಸುತ್ತಿ ಬತ್ತಿ ಮಾಡಿರುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಅವ್ವ ಏನಾದರೂ ಕೇಳಿದರೆ ರೇಗುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ಅಪ್ಪ ಸಂತೆಯಿಂದ ಖಾರಾಬೂಂದಿ ಪೊಟ್ಟಣ ಹಿಡಿದುಕೊಂಡು ಬಂದ. ಅಪ್ಪ ದನದ ದಲ್ಲಾಳಿ. ಎತ್ತಿನ ಬಾಯಿ ಅಗಲಿಸಿ ಹಲ್ಲು ನೋಡಿ ವಯಸ್ಸು ಹೇಳುವವನು. ದಲ್ಲಾಳಿಗಳು ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಹೆಗಲ ಮೇಲಿನ ಟವೆಲನ್ನು ಕೈಗಳ ಮೇಲೆ ಮುಚ್ಚಿಕೊಂಡು ಎದುರಿನವನ ಬೆರಳು ಹಿಡಿಯುತ್ತಾರೆ. ಮೊದಲು ಹತ್ತರ ಲೆಕ್ಕ, ಆಮೇಲೆ ಬಿಡಿ. ಎಷ್ಟು ಬೆರಳು ಹಿಡಿದರೆ ಅಷ್ಟು. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದು ಕಾಣುತ್ತದೆ, ಬೆಲೆ ಕಾಣುವುದಿಲ್ಲ.

"ಕೂಸೇ, ಇನ್ನು ನೀ ಸಾವ್ಕಾರ್ರ ತಾವ ಏನೂ ಕೇಳೋ ಅಂಗಿಲ್ಲ," ಎಂದ ಅಪ್ಪ. "ನಾನೇ ಕುದುರ್ಸಿಬುಟ್ಟೆ."

"ಏನು ಕುದುರಿಸಿದೆ?"

"ನಿನ್ ಸಂಬ್ಳವ."

ಮಹಾದೇವಸ್ವಾಮಿಯವರು ಅಂದು ಸಂತೆಗೆ ಬಂದಿದ್ದರಂತೆ. ಅಪ್ಪನನ್ನು ಕರೆದು ಟೀ ಕುಡಿಸಿದರಂತೆ. 'ಮಗಳು ಮೈಸೂರಿಗೆ ಹೋಗಿಬಿಡ್ತಾಳಾ ಮಾದಪ್ಪ?' ಎಂದು ಕೇಳಿ, ಅಪ್ಪನ ಹೆಗಲ ಮೇಲಿನ ಟವೆಲನ್ನು ತಾವೇ ಎಳೆದುಕೊಂಡು ಅದರ ಕೆಳಗೆ ಕೈ ಚಾಚಿದರಂತೆ.

"ಇಪ್ಪತ್ತೈದುಕ್ಕೆ ಇಡುದ್ರು. ನಾ ಬುಟ್ಟನಾ? ಮೂವತ್ತಕ್ಕೆ ತಂದು ನಿಲ್ಸ್ದೆ. ಒಂದೇ ಸಲುಕ್ಕೆ ಹತ್ ಸಾವ್ರ ಏರ್ಸೋದು ಅಂದ್ರೆ ಉಡುಗಾಟವಾ?"

ನನ್ನ ಮೈ ಉರಿದುಹೋಯಿತು. "ನನ್ನ ಒಂದು ಮಾತು ಕೇಳಬೇಡ್ವಾ ಅಪ್ಪ? ನಾನೇನು ಹಸುವಾ?"

ಅಪ್ಪನ ಮುಖ ಸಪ್ಪಗಾಯಿತು. ಪೊಟ್ಟಣದ ದಾರ ಬಿಚ್ಚುತ್ತಿದ್ದ ಕೈ ಅಲ್ಲೇ ನಿಂತಿತು. "ಅಂಗಲ್ಲ ಕಣವ್ವ. ಅಂತಾ ಸಾವ್ಕಾರ್ರು ಸಂತೇಲಿ ಎಲ್ಲರ್ ಮುಂದೆ ನನ್ ಕೈಯ್ಯ ಇಡುದ್ರಲ್ಲ. ಅದು ನಿನ್ನಿಂದ ಕಣವ್ವ."

ನಿನಗೆ ಟೋಪಿ ಹಾಕಿದ್ದಾರೆ ಎನ್ನಲೇ? ಯಾವ ಸಂತೆಯಲ್ಲೂ ಮೋಸ ಹೋಗದವನು ಮಗಳ ವಿಷಯದಲ್ಲಿ ಹೋದೆ ಎನ್ನಲೇ? ಎತ್ತಿನ ರೇಟು ಅವನಿಗೆ ಗೊತ್ತು, ಸಿಎಂಎ ರೇಟು ಯಾರು ಹೇಳಿಕೊಟ್ಟಿದ್ದರು? ನಾನೇ ಹೇಳಿರಲಿಲ್ಲ.

ನಾನು ಹೋಗಿ ಜಾಸ್ತಿ ಕೇಳುವಂತೆಯೂ ಇರಲಿಲ್ಲ. ಟವೆಲಿನ ಕೆಳಗೆ ಒಪ್ಪಿ ಕೈಬಿಟ್ಟ ಮೇಲೆ ಮಾರಿದವನು ಒಂದು ರೂಪಾಯಿ ಹೆಚ್ಚು ಕೇಳಬಾರದು. ಕೇಳಿದರೆ ಮುಂದೆ ಅವನ ಟವೆಲಿನ ಕೆಳಗೆ ಯಾರೂ ಕೈ ಇಡುವುದಿಲ್ಲ. ನನ್ನ ಫೀಸು ಕಟ್ಟಿದ್ದು ಆ ಟವೆಲೇ. ಕೊಂಡವನು ಖುಷಿಯಾಗಿ ತಾನೇ ಹೆಚ್ಚು ಕೊಟ್ಟರೆ ಅಡ್ಡಿಯಿಲ್ಲ. ಹಾಗೆ ಕೊಟ್ಟವರನ್ನು ಯಾರೂ ಕಂಡಿಲ್ಲ, ಅಷ್ಟೇ.

ಮಾರನೆಯ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ. ಎದ್ದೆ, ಕೂತೆ, ಮತ್ತೆ ಎದ್ದೆ. ಪಕ್ಕದಲ್ಲಿದ್ದ ಮುದುಕಿ "ಒಟ್ಟೆ ನೋವಾ ಮಗ?" ಎಂದಳು. ಎರಡೂ ಕಡೆ ಕಬ್ಬಿನ ಗದ್ದೆ ಹಿಂದೆ ಸರಿಯುತ್ತಿತ್ತು. ಮೂವತ್ತಕ್ಕೆ ತಲೆ ಬಾಗಿಸಿದರೆ ಇನ್ನು ಎಷ್ಟು ವರ್ಷವೋ ಮೂವತ್ತರಿಂದಲೇ ಲೆಕ್ಕ. ತಲೆ ಎತ್ತಿದರೆ ಅಪ್ಪನ ಮರ್ಯಾದೆ ಮಣ್ಣುಪಾಲು. ಅತ್ತ ದರಿ, ಇತ್ತ ಪುಲಿ. ಆಗ ಅಪ್ಪ ಯಾವಾಗಲೂ ಹೇಳುವ ಮಾತೊಂದು ನೆನಪಾಯಿತು: ಮೊದಲು ಕೈ ಚಾಚಿದವನಿಗೇ ಅವಸರ ಜಾಸ್ತಿ. ಹಾಗಾದರೆ ಮಾಲೀಕರು ಸಂತೆಗೆ ಬಂದದ್ದು ಯಾಕೆ? ನಾನು ಬಿಟ್ಟುಹೋಗುತ್ತೇನೆಂದು ಅವರೇ ಹೆದರಿದ್ದರು.

ಗೇಟಿನಲ್ಲಿ ಲಾರಿ ತೂಕ ಬರೆಯುವ ನಂಜೇಶ್ ಹಲ್ಲು ಕಿರಿದ. "ಮೂವತ್ತಂತಲ್ಲ ಮೇಡಂ! ನಿಮ್ಮಪ್ಪ ಬಿಡಿ, ಗಟ್ಟಿ ಆಸಾಮಿ."

ಟವೆಲಿನ ಕೆಳಗಿನ ಬೆಲೆಯನ್ನು ಮಾಲೀಕರೇ ಹೇಳಿಕೊಂಡಿದ್ದರು, ಮಿಲ್ಲಿಗೆಲ್ಲ ಗೊತ್ತಾಗಿತ್ತು. ಬ್ಯಾಗನ್ನು ನನ್ನ ಮೇಜಿನ ಮೇಲೆ ಎಸೆದು ನೇರ ಮಾಲೀಕರ ಕ್ಯಾಬಿನ್ನಿಗೆ ನುಗ್ಗಿದೆ. ಬಾಗಿಲು ಹಾಕಿಕೊಳ್ಳಲಿಲ್ಲ. ಅವರು ಹಣೆಗೆ ಹೊಸ ವಿಭೂತಿ ಹಚ್ಚಿಕೊಂಡು ಪೇಪರ್ ನೋಡುತ್ತಿದ್ದರು.

"ಬಾಮ್ಮ, ಬಾ. ಖುಷಿ ತಾನೇ?"

"ಸರ್, ಅಪ್ಪನ ಮಾತನ್ನ ನಾನು ಮೀರಲ್ಲ. ಆದ್ರೆ ಒಂದು ವಿಷಯ. ಸಂತೇಲಿ ಹಲ್ಲು ನೋಡ್ತಾರೆ, ನಡಿಗೆ ನೋಡ್ತಾರೆ, ಆಮೇಲೆ ಕೈ ಹಿಡೀತಾರೆ. ನೀವು ವ್ಯಾಪಾರ ಮಾಡುವಾಗ ನಾನು ಅಲ್ಲಿ ಇರ್ಲಿಲ್ಲ. ಈಗ ಎದುರಿಗೆ ನಿಂತಿದ್ದೀನಿ."

ಅವರ ಕುರ್ಚಿಯ ಬೆನ್ನಿಗೆ ಹಾಕಿದ್ದ ಬಿಳಿ ಟವೆಲನ್ನು ಎಳೆದುಕೊಂಡೆ. ನನ್ನ ಬಲಗೈ ಮೇಲೆ ಮುಚ್ಚಿ ಮೇಜಿನ ಮೇಲೆ ಚಾಚಿದೆ.

"ಹಿಡೀರಿ ಸರ್."

ಹೀಗೆ ಮಾಡಬೇಕೆಂದು ನಾನು ಬಸ್ಸಿನಲ್ಲಿ ಯೋಚಿಸಿರಲಿಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ಹೆಂಗಸರು ಟವೆಲಿನ ಕೆಳಗೆ ಕೈ ಇಟ್ಟದ್ದನ್ನು ನಮ್ಮ ಸೀಮೆಯಲ್ಲಿ ಯಾರೂ ನೋಡಿಲ್ಲ. ಮಹಾದೇವಸ್ವಾಮಿಯವರು ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ಬಾಗಿಲಾಚೆ ಬಿಲ್ಲಿಂಗಿನ ರಮ್ಯಳ ಕೀಬೋರ್ಡಿನ ಸದ್ದು ನಿಂತುಹೋಯಿತು.

"ಏನಮ್ಮ ಇದು ಅವತಾರ! ತೆಗಿ ಆ ಟವೆಲ್ನ. ನೋಡಿದವರು ಏನಂತಾರೆ? ನಿಂಗೇನು ಬೇಕೋ ಬಾಯಲ್ಲಿ ಕೇಳು."

"ನಾನು ಕೇಳಲ್ಲ ಸರ್. ಕೇಳಿದ್ರೆ ಅಪ್ಪನ ಮಾತು ಹೋಗುತ್ತೆ. ಕೈ ಹಿಡಿಯೋಕಾಗಲ್ಲ ಅಂದ್ರೆ ನೀವೇ ಬಾಯಲ್ಲಿ ಹೇಳಿ. ಎಲ್ಲರಿಗೂ ಕೇಳ್ಸಲಿ."

ಅವರು ಬಾಗಿಲ ಕಡೆ ನೋಡಿದರು. ನನಗೆ ಹೆದರಿಕೆಯಾಗಿತ್ತು. ಇದ್ದ ಕೆಲಸವೂ ಹೋಯಿತು, ಅಪ್ಪನ ಮಾನವೂ ಹೋಯಿತು ಎಂದುಕೊಂಡೆ. ಆದರೂ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಮೂವತ್ತೈದು," ಎಂದರು.

ನಾನು ಅಲ್ಲಾಡಲಿಲ್ಲ.

"ನೋಡಮ್ಮ ಕೋಮಲ, ನಿನ್ನ ನಮ್ಮ ಮನೆ ಮಗಳು ಅಂದ್ಕೊಂಡಿದ್ದೀನಿ..."

"ಮನೆ ಮಗಳಿಗೆ ಯಾರೂ ಸಂತೇಲಿ ರೇಟು ಕಟ್ಟಲ್ಲ ಸರ್."

ಅವರ ಮುಖ ಕೆಂಪಾಯಿತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ.

"ನಲವತ್ತೆರಡು. ಮುಂದಿನ ತಿಂಗಳಿಂದ. ಈಗ ಕೈ ತೆಗಿಯಮ್ಮ ತಾಯಿ."

ಕೈ ತೆಗೆದೆ. ಟವೆಲನ್ನು ನೀಟಾಗಿ ಮಡಚಿ ಕುರ್ಚಿಗೆ ಹಾಕಿದೆ. "ನೀವೇ ಖುಷಿಯಾಗಿ ಕೊಟ್ರಿ ಅಂತ ಅಪ್ಪಂಗೆ ಹೇಳ್ತೀನಿ ಸರ್," ಎಂದೆ. ಅವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಇಷ್ಟಾದ ಮೇಲೆ ನೆಮ್ಮದಿ ಬರಬೇಕಿತ್ತಲ್ಲ? ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಮತ್ತೆ ಅದೇ ಪೇಚಾಟ. ನಲವತ್ತೆರಡಕ್ಕೇ ಯಾಕೆ ಕೈ ತೆಗೆದೆ? ಮತ್ತೆ, ಅಪ್ಪನಿಗೆ ಏನು ಹೇಳುವುದು? ಮೂವತ್ತೇ ಆಯಿತು ಎಂದರೆ ಅವನು ಸಂತೆಯಲ್ಲಿ ಮೀಸೆ ತಿರುವಿಕೊಂಡು ಓಡಾಡುತ್ತಾನೆ. ನಿಜ ಹೇಳಿದರೆ ಅಲ್ಲೇ ಕುಗ್ಗಿಹೋಗುತ್ತಾನೆ. ಸುಳ್ಳೇ ಹೇಳುವುದೆಂದು ತೀರ್ಮಾನಿಸಿ ನರಸೀಪುರದಲ್ಲಿ ಬಸ್ಸು ಬದಲಾಯಿಸಿದೆ.

ಅಪ್ಪ ಜಗಲಿಯ ಮೇಲೆ ಕೂತಿದ್ದ. ನಾನು ಚಪ್ಪಲಿ ಬಿಡುವುದರೊಳಗೆ, "ಏನಂದ್ರು ಸಾವ್ಕಾರ್ರು?" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಗಲಿನ ಟವೆಲ್ ತೆಗೆದು ತೊಡೆಯ ಮೇಲೆ ಹರಡಿದ. ನನ್ನ ಮುಖ ನೋಡಿಯೇ ಅವನಿಗೆ ಏನೋ ಗೊತ್ತಾಗಿತ್ತು.

"ಬಾಯಲ್ಲಿ ಬ್ಯಾಡ. ಕೈ ತತ್ತಾ ಇಲ್ಲಿ."

ಹುಟ್ಟಿದಾಗಿನಿಂದ ಆ ಟವೆಲ್ ನೋಡಿದ್ದೇನೆ, ಒಗೆದಿದ್ದೇನೆ. ಅದರ ಕೆಳಗೆ ಕೈ ಇಟ್ಟದ್ದು ಅದೇ ಮೊದಲು. ಅಪ್ಪನ ಬೆರಳುಗಳು ಹಗ್ಗ ಎಳೆದೆಳೆದು ಮರದ ತೊಗಟೆಯ ಹಾಗಾಗಿದ್ದವು. ಮೂರು ಬೆರಳು ಹಿಡಿದು ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಆ ಕೈ ಹಿಡಿದುಕೊಂಡು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ನಾಲ್ಕು ಬೆರಳು ಹಿಡಿದೆ. ಬಿಟ್ಟೆ. ಎರಡು ಹಿಡಿದೆ.

ಅಪ್ಪನ ಕೈ ಸುಮ್ಮನಾಯಿತು. ಕೊಟ್ಟಿಗೆಯ ಕಡೆ ನೋಡುತ್ತ ಕೂತುಬಿಟ್ಟ.

ಆಮೇಲೆ ಕೇಳಿದ, "ಯಾರು ಮೊದ್ಲು ಯೋಳಿದ್ದು? ನೀನಾ, ಅವ್ರಾ?"

"ಅವರೇ ಅಪ್ಪ. ನಾನು ಏನೂ ಕೇಳ್ಲಿಲ್ಲ. ನಿನ್ನ ಮಾತು ಹಂಗೇ ಐತೆ."

"ಅಂಗಾರೆ ಇನ್ನೂ ಇತ್ತು ಕಣವ್ವ," ಎಂದ ಅಪ್ಪ. "ನಾನೂ ಬಿರ್ನೆ ಕೈ ಬುಟ್ಟೆ, ನೀನೂ ಬಿರ್ನೆ ಕೈ ಬುಟ್ಟೆ."

ಹಾಗೆಂದವನು ನನ್ನ ಕೈಯನ್ನು ಮಾತ್ರ ಬಿಡಲಿಲ್ಲ.